ಒಂದು ಐತಿಹಾಸಿಕ ಕಥೆಯ ಆರಂಭವನ್ನು ಕುರಿತು

ಕಳೆದ ಶ್ರಾವಣಮಾಸದಲ್ಲಿ ಒಂದು ಸಂಜೆ ನನ್ನ ಹಳೆಯ ಶಿಷ್ಯರೊಬ್ಬರು ತಮ್ಮ ಮಗಳನ್ನು ಕರೆದುಕೊಂಡು ನಮ್ಮ ಮನೆಗೆ ಬಂದರು. ಆ ಹುಡುಗಿಯು ಕಾಲೇಜಿನಲ್ಲಿ ವ್ಯಾಸಂಗಮಾಡುತ್ತಿರುವವಳು. ಅವಳ ಕೈಯಲ್ಲಿ ಆರು ಹಾಳೆಗಳ ಒಂದು ಹಸ್ತಪ್ರತಿಯಿದ್ದಿತು. ವಿಜಯನಗರದ ಪತನವನ್ನು ವಸ್ತುವಾಗಿಟ್ಟುಕೊಂಡು ಒಂದು ದೊಡ್ಡ ಕಥೆಯನ್ನು ಬರೆಯಬೇಕೆಂದು ಅವಳ ಸಂಕಲ್ಪ. ಬರೆದಿದ್ದುದು ಆರಂಭವನ್ನು ಮಾತ್ರ. ಅದನ್ನು ನೋಡಿ ಅಭಿಪ್ರಾಯ ಹೇಳಬೇಕೆಂದು ಕೇಳಿಕೊಂಡಳು. ತಂದೆಯವರು ಹೊರಡುವಾಗ ಬಾಗಿಲ ಬಳಿ ಕ್ಷಣಕಾಲ ನಿಂತು, “ಮೇಷ್ಟ್ರೆ, ಇವಳದನ್ನು ಸ್ವಲ್ಪ ಮೆಲ್ಲಗೆ ನೋಡಿ” ಎಂದಷ್ಟೇ ಹೇಳಿ ಹೋದರು.

ಆ ಮಾತಿನ ಅರ್ಥವು ಅವರಿಗೂ ನನಗೂ ಮಾತ್ರ ಗೊತ್ತಿರತಕ್ಕದ್ದು. ಮೂವತ್ತಕ್ಕಿಂತ ಹೆಚ್ಚು ವರ್ಷಗಳ ಹಿಂದೆ, ಒಂಬತ್ತನೆಯ ತರಗತಿಯಲ್ಲಿದ್ದಾಗ, ಅವರು ಕಿತ್ತೂರಿನ 1824ರ ಯುದ್ಧವನ್ನು ಕುರಿತು ಒಂದು ಕಥೆಯನ್ನು ಬರೆದು ನನಗೆ ತಂದುಕೊಟ್ಟಿದ್ದರು. ನಾನು ಆಗತಾನೆ ಪಾಠಶಾಲೆಯ ವಿದ್ಯಾಭ್ಯಾಸವನ್ನು ಮುಗಿಸಿ ಉಪಾಧ್ಯಾಯವೃತ್ತಿಗೆ ಬಂದವನು. ತಪ್ಪನ್ನು ಕಂಡುಹಿಡಿಯುವುದೇ ಪಾಂಡಿತ್ಯವೆಂದು ನಂಬಿದ್ದವನು. ಮೊದಲನೆಯ ಪುಟದಲ್ಲಿಯೇ ಹನ್ನೊಂದು ಕಡೆ ಕೆಂಪು ಮಸಿಯಿಂದ ಗೆರೆಯೆಳೆದು, ಕೆಳಗೆ “ಇತಿಹಾಸವನ್ನು ಓದಿಕೊಂಡು ಬರೆಯತಕ್ಕದ್ದು” ಎಂದು ಷರಾ ಬರೆದು ಹಿಂದಿರುಗಿಸಿದೆನು. ಹನ್ನೊಂದು ಗೆರೆಗಳೂ ಸರಿಯಾದವುಗಳೇ. ಆದರೆ ಆ ಹುಡುಗನು ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಜೇಬಿನಲ್ಲಿಟ್ಟುಕೊಂಡವನು ಎರಡನೆಯ ಕಥೆಯನ್ನು ಬರೆಯಲಿಲ್ಲ. ಎರಡನೆಯ ಪುಟದಲ್ಲಿ ಏನಿದ್ದಿತೆಂಬುದು ನನಗೆ ಈಗ ನೆನಪಿಲ್ಲ. ನಿಜ ಹೇಳಬೇಕಾದರೆ ಅದನ್ನು ನಾನು ಓದಿದೆನೋ ಇಲ್ಲವೋ ಅದೂ ನೆನಪಿಲ್ಲ.

ಆದುದರಿಂದ ಈ ಸಾರಿ ಸೀಸದ ಕಡ್ಡಿಯನ್ನು ತೆಗೆದುಕೊಂಡೆನು. ಅದನ್ನೂ ಆರು ಹಾಳೆಗಳನ್ನು ಎರಡಾವರ್ತಿ ಓದಿದ ಬಳಿಕವೇ ಕೈಗೆತ್ತಿಕೊಂಡೆನು. ನನಗೆ ತೋರಿದುದನ್ನು ಅವಳಿಗೆ ಹೇಳಿಯಾಯಿತು. ಕಥೆ ಬರೆಯಲೆಳಸುವ ಇತರ ತರುಣತರುಣಿಯರಿಗೂ ಉಪಯೋಗವಾದೀತೆಂಬ ನಂಬಿಕೆಯಿಂದ, ಅವಳ ಅನುಮತಿಯನ್ನು ಪಡೆದೇ, ವಾಚಕಮಹಾಶಯರ ಮುಂದೆ ಅದನ್ನು ಇಲ್ಲಿ ಇಡುತ್ತಿದ್ದೇನೆ.

ಅವಳ ಆರಂಭವು ಹೀಗಿದ್ದಿತು. ರಕ್ಕಸತಂಗಡಿಯ ಯುದ್ಧದ ಹಿಂದಿನ ರಾತ್ರಿ. ಹಂಪೆಯ ಮಾತಂಗಪರ್ವತದ ಶಿಖರದಲ್ಲಿ ಕಥಾನಾಯಕನು ಒಬ್ಬನೇ ನಿಂತಿದ್ದಾನೆ. ಪೂರ್ಣಚಂದ್ರನು ತುಂಗಭದ್ರೆಯ ಮೇಲೆ ಬೆಳ್ಳಿಯನ್ನು ಸುರಿಯುತ್ತಿದ್ದಾನೆ. ದೂರದಿಂದ ರಣಭೇರಿಯ ಸದ್ದು ಕೇಳಿಬರುತ್ತಿದೆ. ನಾಯಕನು ಬೆಟ್ಟವನ್ನಿಳಿದು ಉಗ್ರನರಸಿಂಹನ ಏಕಾಂತಭಯಂಕರವಾದ ಮೂರ್ತಿಯ ಮುಂದೆ ಕೈಮುಗಿಯುತ್ತಾನೆ. ಗಂಟೆ ಹನ್ನೆರಡು ಹೊಡೆಯುತ್ತದೆ. ಮನೆಯ ಜಗುಲಿಯಲ್ಲಿ ಹುಕ್ಕಾ ಸೇದುತ್ತ ಕುಳಿತ ಮುದುಕನಾದ ಅಜ್ಜನು, “ಮಗೂ, ಈ ನಗರಕ್ಕೆ ಇದೇ ಕೊನೆಯ ರಾತ್ರಿ, ನಾಳೆ ರಾಕ್ಷಸರು ಎಲ್ಲವನ್ನೂ ನುಂಗುವರು” ಎಂದು ನಿಟ್ಟುಸಿರುಬಿಡುತ್ತಾನೆ. ಮೂರನೆಯ ಹಾಳೆಯ ನಡುವಿನಲ್ಲಿ ಒಂದು ಚಿಕ್ಕ ಪ್ರಸಂಗವಿದೆ. ಅದನ್ನು ಆಮೇಲೆ ಹೇಳುತ್ತೇನೆ.

ಮೊದಲು ಚಂದ್ರನ ವಿಚಾರ. ಫೆರಿಶ್ತಾ ಎಂಬ ಇತಿಹಾಸಕಾರನ ಪ್ರಕಾರ ಯುದ್ಧವು ನಡೆದುದು ಹಿಜರಿ 972ನೆಯ ವರ್ಷದ ಜಮಾದಿ ಉಸ್ಸಾನಿ ತಿಂಗಳ 20ನೆಯ ದಿನ. ಅದು ಕ್ರಿಸ್ತಶಕ 1565ನೆಯ ಜನವರಿ 23ಕ್ಕೆ ಸರಿಹೊಂದುತ್ತದೆ. ಹಿಜರಿಯ ತಿಂಗಳು ಅಮಾವಾಸ್ಯೆ ಕಳೆದು ಬಾಲಚಂದ್ರನು ಕಣ್ಣಿಗೆ ಬಿದ್ದ ಸಂಜೆಯಿಂದ ಮೊದಲಾಗುತ್ತದೆ. ಹಾಗಾದಮೇಲೆ ಇಪ್ಪತ್ತನೆಯ ದಿನವೆಂದರೆ ಹುಣ್ಣಿಮೆಯು ಕಳೆದು ಆರೇಳು ದಿನಗಳಾಗಿರಲೇ ಬೇಕು. ನಮ್ಮ ಪಂಚಾಂಗದ ರೀತಿಯಿಂದ ಲೆಕ್ಕಹಾಕಿದರೆ ಅದು ರಕ್ತಾಕ್ಷಿ ಸಂವತ್ಸರದ ಮಾಘ ಬಹುಳದ ಷಷ್ಠೀಸಪ್ತಮಿಗಳ ಆಸುಪಾಸಿಗೆ ಬರುತ್ತದೆ. ಸಂಕಷ್ಟಹರ ಚತುರ್ಥಿಯ ಉಪವಾಸವನ್ನು ಮಾಡುವ ಮನೆಗಳಲ್ಲಿ ಚಂದ್ರದರ್ಶನಕ್ಕೆ ಎಷ್ಟು ಹೊತ್ತು ಕಾಯಬೇಕೆಂಬುದು ಹೆಂಗಸರಿಗೂ ಮಕ್ಕಳಿಗೂ ಗೊತ್ತಿದೆ. ಅಲ್ಲಿಂದ ಇನ್ನೂ ಎರಡು ದಿನಗಳು ಮುಂದೆ ಹೋದರೆ ಚಂದ್ರನು ಹುಟ್ಟುವುದು ಅರ್ಧರಾತ್ರಿಯು ಸಮೀಪಿಸುವಾಗ. ಆಗಲೂ ಒಂದು ಮಗ್ಗುಲು ಕರಗಿದ ಚಂದ್ರ. ನಾಯಕನು ಶಿಖರದ ಮೇಲೆ ನಿಂತ ಹೊತ್ತಿನಲ್ಲಿ ಆಕಾಶದಲ್ಲಿ ಇದ್ದುದು ನಕ್ಷತ್ರಗಳು ಮಾತ್ರ.

“ಇಷ್ಟು ಸಣ್ಣ ವಿಷಯವನ್ನು ಯಾರು ನೋಡುತ್ತಾರೆ, ಮೇಷ್ಟ್ರೆ?” ಎಂದಳು. ನೋಡುವವರು ವಿರಳವೆಂಬುದು ನಿಜ. ಆದರೆ ಇದರಿಂದ ಕಥೆಗೆ ಲಾಭವೇ ಉಂಟು. ಹುಣ್ಣಿಮೆಯ ಚಂದ್ರನು ಕಥೆ ಬರೆಯುವ ಎಲ್ಲರ ಮನೆಗೂ ಕರೆಯದೆ ಬರುವ ನೆಂಟ. ಬಹುಳ ಷಷ್ಠಿಯ ಕತ್ತಲೆಯಾದರೋ ಆ ರಾತ್ರಿಗೇ ಸೇರಿದ್ದು. ವಿಶಾಖದತ್ತನು ಮುದ್ರಾರಾಕ್ಷಸದ ಪ್ರಸ್ತಾವನೆಯಲ್ಲಿ ಏನು ಮಾಡಿದನೆಂಬುದನ್ನು ಅವಳಿಗೆ ನೆನಪುಮಾಡಿಕೊಟ್ಟೆನು. ಸೂತ್ರಧಾರನು ಚಂದ್ರಗ್ರಹಣದ ಮಾತನ್ನು ತನ್ನ ಹೆಂಡತಿಯೊಡನೆ ಆಡುತ್ತಾನೆ. ಅದನ್ನು ತೆರೆಯ ಮರೆಯಿಂದ ಕೇಳಿದ ಚಾಣಕ್ಯನು, ತನ್ನ ಚಂದ್ರಗುಪ್ತನನ್ನು ಮೆಟ್ಟಲು ಯಾರೋ ಹೊರಟಿದ್ದಾರೆಂದು ಭಾವಿಸಿ ಕೆರಳಿ ನುಗ್ಗುತ್ತಾನೆ. ಆಕಾಶದ ಒಂದು ಸಂಗತಿಯು ರಾಜಕಾರಣದ ಬೀಜವಾಯಿತು. ಅಲಂಕಾರವಾಗಿ ಬಂದ ಚಂದ್ರನಲ್ಲ, ಕೆಲಸಮಾಡಲು ಬಂದ ಚಂದ್ರ. ಇವಳ ಚಂದ್ರನಿಗೆ ಕೆಲಸವೇ ಇಲ್ಲ. ಅದೇ ಅವನ ದೋಷ, ತಿಥಿಯ ದೋಷವು ಅದರ ಮುಂದೆ ಅಲ್ಪ.

ರಣಭೇರಿಯ ವಿಚಾರವನ್ನು ಎರಡು ಮಾತಿನಲ್ಲಿ ಮುಗಿಸಬಹುದು. ಯುದ್ಧಕ್ಕೆ ತಾಳಿಕೋಟೆಯ ಹೆಸರು ಅಂಟಿಕೊಂಡಿದೆಯಾದರೂ ಆ ಊರು ಕೃಷ್ಣಾನದಿಯ ಉತ್ತರಕ್ಕಿದೆ. ಅಲ್ಲಿ ಸುಲ್ತಾನರ ಸೈನ್ಯಗಳು ಕೂಡಿದ್ದುವು. ಕಾಳಗವು ನಡೆದುದು ಅವರು ನದಿಯನ್ನು ದಾಟಿ ಬಂದಮೇಲೆ, ದಕ್ಷಿಣದ ಕಡೆಯಲ್ಲಿ. ಆ ಬಯಲಿಗೂ ಹಂಪೆಗೂ ಇಪ್ಪತ್ತು ಹರದಾರಿಗೆ, ಅಂದರೆ ನೂರು ಕಿಲೋಮೀಟರಿಗೆ, ಕಡಮೆಯಿಲ್ಲ. ಮಾತಂಗಪರ್ವತದಲ್ಲಿ ನಿಂತವನಿಗೆ ಅಲ್ಲಿಯ ಭೇರಿಯು ಕೇಳಿಸುವುದಾದರೆ ಅವನನ್ನು ಯುದ್ಧಕ್ಕೆ ಕಳುಹಿಸದೆ ಮನೆಯಲ್ಲಿಟ್ಟುಕೊಂಡದ್ದು ರಾಮರಾಯನ ತಪ್ಪು! ಈ ಪರಿಹಾಸಕ್ಕೆ ಅವಳೂ ನಕ್ಕಳು. ಆದರೆ ಇದರಲ್ಲಿಯೂ ಒಂದು ಲಾಭವಿದೆಯೆಂದು ಹೇಳಿದೆನು. ನಗರಕ್ಕೆ ಏನೂ ಕೇಳಿಸುತ್ತಿರಲಿಲ್ಲ. ಗಂಡಂದಿರನ್ನೂ ಮಕ್ಕಳನ್ನೂ ದಂಡಿಗೆ ಕಳುಹಿಸಿದ ಸಾವಿರಾರು ಮನೆಗಳಲ್ಲಿ ಆ ರಾತ್ರಿ ಇದ್ದುದು ಮೌನ.

ಹುಕ್ಕಾ, ಗಂಟೆ, ರೂಪಾಯಿ ಇವು ಮೂರನ್ನೂ ಕಡ್ಡಿಯಿಂದ ಸುಮ್ಮನೆ ಸುತ್ತುಹಾಕಿದೆನು. ಹೊಗೆಸೊಪ್ಪು ಅಮೆರಿಕಾ ಖಂಡದ ವಸ್ತು. ಅಕ್ಬರನ ಅಧಿಕಾರಿ ಅಸದ್ ಬೇಗನು ಬಿಜಾಪುರದಿಂದ ಅದನ್ನು ಕೊಂಡುಹೋಗಿ ಬಾದಶಹನಿಗೆ ಒಪ್ಪಿಸಿದಾಗ ಆ ದರ್ಬಾರಿಗೆ ಅದು ಹೊಸದಾಗಿದ್ದಿತು. ಅದು ಹದಿನೇಳನೆಯ ಶತಮಾನದ ಮೊದಲ ವರ್ಷಗಳ ಮಾತು. ಅಜ್ಜನ ಬಾಯಿಗೆ ತಾಂಬೂಲವಿದ್ದರೆ ಸಾಕು. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುಲ್ ರಜಾಕನು ವೀಳೆಯದೆಲೆಯನ್ನು ಮನಸಾರೆ ಹೊಗಳಿದ್ದಾನೆ. ಗಂಟೆಯು ಹನ್ನೆರಡು ಹೊಡೆಯುವುದಕ್ಕೆ ಬದಲಾಗಿ ಜಾವಗಳಿಗೆಗಳ ಲೆಕ್ಕವು ಇರತಕ್ಕದ್ದು. ಗಳಿಗೆಬಟ್ಟಲು ನೀರಿನಲ್ಲಿ ಮುಳುಗುವುದನ್ನು ಕಾಯುತ್ತ ಕುಳಿತವನು ಕಥೆಗೆ ಗಡಿಯಾರಕ್ಕಿಂತ ಎಷ್ಟೋ ಮೇಲು. ನಾಣ್ಯಗಳ ವಿಷಯದಲ್ಲಿ ಅದೇ ಅಬ್ದುಲ್ ರಜಾಕನು ಚಿನ್ನದ ವರಾಹ, ಅದರ ಅರ್ಧವಾದ ಪ್ರತಾಪ, ಪಣ, ಬೆಳ್ಳಿಯ ತಾರ, ತಾಮ್ರದ ಜಿತಲ್ ಎಂದು ಕ್ರಮವಾಗಿ ಹೇಳಿದ್ದಾನೆ. ಇವೆಲ್ಲ ಒಂದು ಮಧ್ಯಾಹ್ನದಲ್ಲಿ ತಿದ್ದಿಕೊಳ್ಳಬಹುದಾದ ದೋಷಗಳು. ಇಂಥವುಗಳಿಗಾಗಿಯೇ ನಾನು ಒಮ್ಮೆ ಹನ್ನೊಂದು ಕೆಂಪು ಗೆರೆಗಳನ್ನು ಎಳೆದಿದ್ದೆನು.

ನರಸಿಂಹನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. ಏಕೆಂದರೆ ಅವಳ ಆರಂಭದ ಮುಖ್ಯದೋಷವು ಅಲ್ಲಿಯೇ ಕಲ್ಲಿನ ರೂಪದಲ್ಲಿ ಕುಳಿತಿದೆ. ಹಂಪೆಯ ಆ ಏಕಶಿಲಾಮೂರ್ತಿಯನ್ನು ಪ್ರತಿಷ್ಠೆಮಾಡಿಸಿದವನು ಕೃಷ್ಣದೇವರಾಯ; ಅಲ್ಲಿಯ ಶಾಸನದ ಕಾಲವು 1528. ಈಗ ನಮ್ಮ ಕಣ್ಣಿಗೆ ಕಾಣುವವನು ಒಬ್ಬಂಟಿಯಾದ, ಕಣ್ಣು ಹೊರಚಾಚಿದ, ಕೈಗಳು ಮುರಿದ ನರಸಿಂಹ. ಜನರು ಅವನನ್ನು ಉಗ್ರನರಸಿಂಹನೆಂದು ಕರೆಯುವುದು ಸಹಜವೇ. ಆದರೆ ಅವನು ಲಕ್ಷ್ಮೀನರಸಿಂಹ. ಎಡತೊಡೆಯ ಮೇಲೆ ಲಕ್ಷ್ಮಿಯು ಕುಳಿತಿದ್ದಳು. ನಗರವು ಹಾಳಾದ ಬಳಿಕ ಅವಳ ವಿಗ್ರಹವು ಒಡೆದುಹೋಯಿತು; ಸ್ವಾಮಿಯ ಬೆನ್ನನ್ನು ಬಳಸಿದ ಅವಳ ಕೈ ಮಾತ್ರ ಇಂದಿಗೂ ಹಿಂಬದಿಯಲ್ಲಿ ಉಳಿದಿದೆ. ಯುದ್ಧದ ಹಿಂದಿನ ರಾತ್ರಿ ಕಥಾನಾಯಕನು ಅಲ್ಲಿಗೆ ಹೋಗಿದ್ದರೆ ಅವನು ಕಂಡುದು ಏಕಾಂತಭಯಂಕರವಾದ ಉಗ್ರಮೂರ್ತಿಯನ್ನಲ್ಲ, ಪತ್ನೀಸಮೇತನಾಗಿ ಕುಳಿತ ಗೃಹಸ್ಥನಾದ ದೇವರನ್ನು.

ಹುಡುಗಿಯು ಹಂಪೆಗೆ ಹೋಗಿ ಬಂದವಳು. ಕಂಡುದನ್ನು ಶ್ರದ್ಧೆಯಿಂದ ಬರೆದವಳು. ದೋಷವು ಶ್ರದ್ಧೆಯದಲ್ಲ. ಅವಳು ಇಂದಿನ ಹಾಳನ್ನು ನೋಡಿ, ಅದನ್ನೇ 1565ರ ಜನವರಿಯ ಊರೆಂದು ಬರೆದಳು. ಮೂರ್ತಿಯು ಒಡೆಯುವುದಕ್ಕೆ ಮೊದಲೇ ಅವಳ ಕಥೆಯಲ್ಲಿ ಒಡೆದುಹೋಗಿದೆ. ಅಜ್ಜನು ಸಾಯುವುದಕ್ಕೆ ಮೊದಲೇ ಸತ್ತವನಂತೆ ಮಾತನಾಡುತ್ತಾನೆ. “ಇದೇ ಕೊನೆಯ ರಾತ್ರಿ” ಎಂದು ಅವನಿಗೆ ಹೇಳಿದವರಾರು? ಪಠ್ಯಪುಸ್ತಕ! ಕಥೆಯನ್ನು ಬರೆದವಳಿಗೆ ತಿಳಿದಿರುವುದು ಕಥೆಯೊಳಗಿನ ಮುದುಕನಿಗೂ ತಿಳಿದುಹೋಗಿದೆ. ಇದೇ ಐತಿಹಾಸಿಕ ಕಥೆಗಳ ಆರಂಭಕ್ಕೆ ಸಾಮಾನ್ಯವಾಗಿ ತಗಲುವ ರೋಗ. ಹುಕ್ಕಾವು ಕಾಲವಿರುದ್ಧವಾದರೆ ಈ ನಿಟ್ಟುಸಿರು ಅದಕ್ಕಿಂತ ಹೆಚ್ಚು ಕಾಲವಿರುದ್ಧ.

ಆ ಅಜ್ಜನಿಗೆ ನಿಜವಾಗಿ ಏನು ತಿಳಿದಿರಬಹುದಾಗಿದ್ದಿತೆಂಬುದನ್ನು ವಿಚಾರಮಾಡೋಣ. ಅವನಿಗೆ ಎಪ್ಪತ್ತು ವರ್ಷ ವಯಸ್ಸೆಂದು ಇವಳು ಬರೆದಿದ್ದಾಳೆ. ಹಾಗಾದರೆ ಅವನು ಬಾಲ್ಯದಿಂದ ಕಂಡುದು ಬಹುಮಟ್ಟಿಗೆ ಗೆಲವನ್ನೇ. ಕೃಷ್ಣದೇವರಾಯನು ರಾಯಚೂರಿನ ಕೋಟೆಯನ್ನು ತೆಗೆದುಕೊಂಡಾಗ ಅವನು ತರುಣ. ಸದಾಶಿವರಾಯನು ಸಿಂಹಾಸನದಲ್ಲಿದ್ದು ಅಳಿಯ ರಾಮರಾಯನು ರಾಜ್ಯಭಾರವನ್ನು ನಡೆಸುತ್ತಿದ್ದ ಇಪ್ಪತ್ತಕ್ಕಿಂತ ಹೆಚ್ಚು ವರ್ಷಗಳಲ್ಲಿ ವಿಜಯನಗರದ ದಂಡು ಉತ್ತರಕ್ಕೆ ಅಹಮದ್‌ನಗರದವರೆಗೆ ಹೋಗಿ ಬಂದಿದ್ದಿತು. (ಇವಳ ಹಸ್ತಪ್ರತಿಯಲ್ಲಿ ರಾಮರಾಯನಿಗೆ ಚಕ್ರವರ್ತಿಯೆಂಬ ಬಿರುದೂ ಇಪ್ಪತ್ತೈದರ ಪ್ರಾಯವೂ ಬಂದುಬಿಟ್ಟಿವೆ, ಶಾಸನಗಳಲ್ಲಿ ಅರಸನ ಹೆಸರು ಸದಾಶಿವರಾಯನದು, ರಾಮರಾಯನಾದರೋ ಆ ವೇಳೆಗೆ ಪಲ್ಲಕ್ಕಿಯಲ್ಲಿ ಕುಳಿತು ಯುದ್ಧವನ್ನು ನಡೆಸಿದ ವಯೋವೃದ್ಧ.) ತಮ್ಮಂದಿರಾದ ತಿರುಮಲನೂ ವೆಂಕಟಾದ್ರಿಯೂ ಮೊದಲು ಹೊರಟು ಕೃಷ್ಣೆಯ ಹಾಯಗಡಗಳನ್ನು ಕಟ್ಟಿದರು, ಹಿಂದಿನಿಂದ ರಾಮರಾಯನು ಹೊರಟನು. ಇಂಥ ದಂಡು ಹಿಂದೆಯೂ ಹೊರಟಿದ್ದಿತು, ಹಿಂದಿರುಗಿಯೂ ಇದ್ದಿತು. ಅಜ್ಜನು ಜಗುಲಿಯಲ್ಲಿ ಕುಳಿತು, ಮೊಮ್ಮಗನು ಕೊಳ್ಳೆಯಲ್ಲಿ ಒಂದು ಒಳ್ಳೆಯ ಕುದುರೆಯನ್ನು ತಂದಾನೋ ಇಲ್ಲವೋ ಎಂದು ಯೋಚಿಸುತ್ತಿದ್ದಿರಬೇಕು.

1900ರಲ್ಲಿ ರಾಬರ್ಟ್ ಸ್ಯೂಯೆಲನು ಪ್ರಕಟಿಸಿದ ವಿಜಯನಗರದ ಇತಿಹಾಸವು ಈ ಒಂದು ವಿಷಯದಲ್ಲಿ ಮರೆಯಲಾರದಂಥದು. ಊರಿನವರಿಗೆ ಭಯವೇ ಇರಲಿಲ್ಲ. ಸೋಲಿನ ಸುದ್ದಿಯು ಬಂದು, ರಾಜವಂಶದವರು ಸದಾಶಿವರಾಯನನ್ನೂ ಆನೆಗಳ ಮೇಲೆ ಹೇರಿದ ಭಂಡಾರವನ್ನೂ ತೆಗೆದುಕೊಂಡು ಪೆನುಗೊಂಡೆಯ ಕಡೆಗೆ ಹೊರಟುಹೋದಮೇಲೆ ಮಾತ್ರ ಅವರಿಗೆ ತಮ್ಮ ಸ್ಥಿತಿಯು ಗೊತ್ತಾಯಿತು. ಭಂಡಾರವನ್ನು ಹೊತ್ತ ಆನೆಗಳ ಸಂಖ್ಯೆಯನ್ನು ಆತನು 550 ಎಂದು ಕೊಟ್ಟಿದ್ದಾನೆ. ಸಂಖ್ಯೆಯು ಹೆಚ್ಚೋ ಕಡಮೆಯೋ ಇರಲಿ; ಬೀದಿಯ ಬಾಗಿಲಲ್ಲಿ ನಿಂತು ಆ ಆನೆಗಳ ಸಾಲನ್ನು ನೋಡಿದ ಒಬ್ಬ ಹೆಂಗಸಿನ ಮುಖವನ್ನು ಕಲ್ಪಿಸಿಕೊಳ್ಳಬಹುದು. ಅವಳಿಗೆ ಹಿಂದಿನ ದಿನ ಏನೂ ಗೊತ್ತಿರಲಿಲ್ಲವೆಂಬುದೇ ಆ ಮುಖದ ಅರ್ಥ. ಗೊತ್ತಿದ್ದಿದ್ದರೆ ಅವಳೂ ಹೊರಟುಹೋಗುತ್ತಿದ್ದಳಲ್ಲವೇ?

ಕೊನೆಯೆಂಬುದು ಕೂಡ ಒಂದೇ ರಾತ್ರಿಯಲ್ಲಿ ಬಂದುದಲ್ಲ. ಯುದ್ಧವಾದ ಎರಡು ವರ್ಷಗಳಿಗೆ, 1567ರಲ್ಲಿ, ಸೀಸರ್ ಫ್ರೆಡರಿಕನೆಂಬ ವೆನಿಸ್ಸಿನ ವರ್ತಕನು ಅಲ್ಲಿಗೆ ಹೋಗಿದ್ದನು. ಮನೆಗಳು ಇನ್ನೂ ನಿಂತಿವೆ, ಆದರೆ ಬರಿದಾಗಿವೆ, ಅವುಗಳಲ್ಲಿ ಹುಲಿ ಮುಂತಾದ ಕಾಡುಮೃಗಗಳು ವಾಸಿಸುತ್ತವೆಯೆಂದು ಆತನು ಬರೆದಿಟ್ಟಿದ್ದಾನೆ. ತಿರುಮಲನು ಊರನ್ನು ಪುನಃ ನೆಲೆಗೊಳಿಸಲು ಮಾಡಿದ ಯತ್ನವೂ ಆ ಕಾಲದ್ದೇ. ಅಂದಮೇಲೆ ಸೋಲಿನ ಬಳಿಕವೂ “ಇದು ಕೊನೆ” ಎಂದು ಒಪ್ಪದವರು ಇದ್ದರು. ಯುದ್ಧಕ್ಕೆ ಮೊದಲೇ ಒಪ್ಪಿಕೊಂಡ ಅಜ್ಜನು ಯಾವ ಊರಿನವನು?

ಇನ್ನು “ರಾಕ್ಷಸರು” ಎಂಬ ಮಾತು. ಇದನ್ನು ಹೇಳುವಾಗ ನಾನು ಸ್ವಲ್ಪ ಎಚ್ಚರಿಕೆಯಿಂದಲೇ ಹೇಳಿದೆನು. ಏಕೆಂದರೆ ತರುಣರ ಅಭಿಮಾನವನ್ನು ತಿದ್ದಹೋಗಿ ಮುರಿಯುವುದು ಸುಲಭ. ನಗರವನ್ನು ಸುಟ್ಟವರ ಮೇಲೆ ಸುಡಿಸಿಕೊಂಡವರಿಗೆ ಬಂದ ಕೋಪವನ್ನು ಕಥೆಯಲ್ಲಿ ಬರೆಯಬಾರದೆಂದು ನಾನು ಹೇಳಲಿಲ್ಲ. ಅದು ಮೊದಲನೆಯ ಪುಟದಲ್ಲಿ ಬರಬಾರದೆಂದೆನು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನು 1543ರಲ್ಲಿ ಅಣ್ಣನ ಭಯದಿಂದ ಓಡಿಬಂದು ಸುಮಾರು ಏಳು ವರ್ಷ ವಿಜಯನಗರದಲ್ಲಿ ರಾಮರಾಯನ ಆಶ್ರಯದಲ್ಲಿದ್ದವನು. 1550ರಲ್ಲಿ ಹಿಂದಿರುಗಿ ಸುಲ್ತಾನನಾದವನು. ತೆಲುಗು ಕವಿಗಳು ಮಲ್ಕಿಭರಾಮನೆಂದು ಕೀರ್ತಿಸಿದವನು. ಬಿಜಾಪುರದ ಅಲಿ ಆದಿಲ್ ಶಾಹನು ರಾಮರಾಯನ ಪುತ್ರಶೋಕದ ಕಾಲದಲ್ಲಿ ತಾನೇ ವಿಜಯನಗರಕ್ಕೆ ಬಂದು ಸಮಾಧಾನ ಹೇಳಿದನೆಂದೂ, ರಾಮರಾಯನ ರಾಣಿಯು ಅವನನ್ನು ಮಗನೆಂದು ಭಾವಿಸಿದಳೆಂದೂ ಫೆರಿಶ್ತಾ ಹೇಳುತ್ತಾನೆ. ಅಹಮದ್‌ನಗರದ ಮೇಲೆ ದಂಡೆತ್ತಿಹೋದಾಗ ಈ ಅಲಿಯೇ ರಾಮರಾಯನ ಜೊತೆಗಾರ. ಮುಂದೆ ಅಹಮದ್‌ನಗರದ ಹುಸೇನ್ ನಿಜಾಮ್ ಶಾಹನೊಡನೆಯೂ ಬೀದರಿನ ಅಲಿ ಬರೀದ್ ಶಾಹನೊಡನೆಯೂ ಕೂಡಿ ರಾಮರಾಯನಿಗೆ ಇದಿರಾಗಿ ಬಂದವರು ಈ ಇಬ್ಬರೇ. ವಿಜಯನಗರದ ದಂಡಿನಲ್ಲಿಯೂ ಇಮ್ಮಡಿ ದೇವರಾಯನ ಕಾಲದಿಂದ ಮುಸಲ್ಮಾನ ಸೈನಿಕರು ಇದ್ದರು. ಆ ಅರಸನ ಸೇವೆಯಲ್ಲಿದ್ದ ಅಹಮದ್ ಖಾನನು 1439ರಲ್ಲಿ ಕಟ್ಟಿಸಿದ ಮಸೀದಿಯು ಹಂಪೆಯಲ್ಲಿ ಇನ್ನೂ ಇದೆ.

ರಾಕ್ಷಸರು ಬಂದು ನುಂಗಿದರೆಂದರೆ ಅದು ಪುರಾಣವಾಯಿತು. ಅದಕ್ಕೆ ಕಾರಣವನ್ನು ಹುಡುಕುವ ಕೆಲಸವೇ ಇಲ್ಲ. ಮನೆಯಲ್ಲಿ ಏಳು ವರ್ಷ ಉಂಡವನೂ, ಮಗನೆನ್ನಿಸಿಕೊಂಡವನೂ ಕತ್ತಿಯನ್ನು ಹಿಡಿದು ಬಂದರೆಂದರೆ ಆಗ ಕೇಳಬೇಕಾದ ಪ್ರಶ್ನೆಗಳು ಎಷ್ಟೋ ಏಳುತ್ತವೆ. ರಾಮರಾಯನು ಅವರನ್ನು ಹೇಗೆ ನಡೆಸಿಕೊಂಡನು? ಒಬ್ಬನನ್ನು ಒಬ್ಬನ ಮೇಲೆ ಎತ್ತಿಕಟ್ಟಿ ಆಡಿದ ಆಟವು ಎಲ್ಲಿಯವರೆಗೆ ನಡೆಯಿತು? ಈ ಪ್ರಶ್ನೆಗಳಿಗೆ ಉತ್ತರವನ್ನು ಹುಡುಕುತ್ತ ಹೋಗುವುದೇ ಅವಳ ಮುಂದಿನ ಮುನ್ನೂರು ಪುಟಗಳಾಗಬಹುದು. ಕಲ್ಹಣನು ಹನ್ನೆರಡನೆಯ ಶತಮಾನದಲ್ಲಿ ರಾಜತರಂಗಿಣಿಯನ್ನು ಆರಂಭಿಸುವಾಗ, ನಡೆದುಹೋದುದನ್ನು ಹೇಳುವವನ ಮಾತು ರಾಗದ್ವೇಷಗಳಿಲ್ಲದೆ ನ್ಯಾಯಾಧಿಪತಿಯ ಮಾತಿನಂತಿರಬೇಕೆಂಬ ಅಭಿಪ್ರಾಯವನ್ನು ಮುಂದಿಟ್ಟನು. ಕಥೆಗಾರನಿಗೆ ಅಷ್ಟು ಕಠಿನವಾದ ನಿಯಮವು ಬೇಡ. ಆದರೆ ತೀರ್ಪನ್ನು ಸಾಕ್ಷಿಗಳಿಗಿಂತ ಮೊದಲು ಓದದಿದ್ದರೆ ಸಾಕು.

“ಹಾಗಾದರೆ ಓದುವವರಿಗೆ ಮುಂದೇನಾಗುವುದೆಂಬುದು ಗೊತ್ತೇ ಇದೆಯಲ್ಲ, ಅದನ್ನು ಮುಚ್ಚಿಟ್ಟು ಪ್ರಯೋಜನವೇನು?” ಎಂದು ಅವಳು ಕೇಳಿದಳು. ಒಳ್ಳೆಯ ಪ್ರಶ್ನೆ. ಓದುವವರಿಗೆ ಗೊತ್ತಿರುವುದು ದೋಷವಲ್ಲ, ಅದೇ ಬಂಡವಾಳ. ತ. ರಾ. ಸುಬ್ಬರಾಯರ “ದುರ್ಗಾಸ್ತಮಾನ”ವನ್ನು ಕೈಗೆತ್ತಿಕೊಂಡವನಿಗೆ ಚಿತ್ರದುರ್ಗವು ಬೀಳುವುದೆಂಬುದು ಮುಖಪುಟದಲ್ಲಿಯೇ ತಿಳಿದಿರುತ್ತದೆ. ಆದರೂ ಓದುತ್ತೇವೆ, ಕಣ್ಣೀರನ್ನೂ ಸುರಿಸುತ್ತೇವೆ. ನಮ್ಮ ನಾಟ್ಯಶಾಸ್ತ್ರದವರು ಇದಕ್ಕೆ ಪತಾಕಾಸ್ಥಾನಕವೆಂಬ ಹೆಸರನ್ನೇ ಇಟ್ಟಿದ್ದಾರೆ: ಆಡುವವನು ಒಂದನ್ನು ಉದ್ದೇಶಿಸಿ ಆಡುತ್ತಾನೆ, ಅದು ಬರಲಿರುವ ಇನ್ನೊಂದನ್ನು ಸೂಚಿಸಿಬಿಡುತ್ತದೆ. ಭವಭೂತಿಯ ಉತ್ತರರಾಮಚರಿತದ ಮೊದಲನೆಯ ಅಂಕವನ್ನು ಓದಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತೋಳಿನ ಮೇಲೆ ನಿದ್ದೆಹೋದ ಸೀತೆಯನ್ನು ನೋಡುತ್ತ ಶ್ರೀರಾಮನು, ಇವಳಲ್ಲಿ ಎಲ್ಲವೂ ಪ್ರಿಯವೇ, ವಿರಹವೊಂದನ್ನು ಮಾತ್ರ ಸಹಿಸಲಾರೆನು ಎಂಬ ಅರ್ಥದ ಮಾತನ್ನಾಡುತ್ತಾನೆ. ಆ ಕ್ಷಣದಲ್ಲಿಯೇ ಪ್ರತೀಹಾರಿಯು ಒಳಗೆ ಬಂದು, ಬಂದಿತು ಎಂದು ಬಿನ್ನವಿಸುತ್ತಾಳೆ. ಅವಳು ಹೇಳಿದುದು ಗೂಢಚಾರನಾದ ದುರ್ಮುಖನು ಬಂದನೆಂದು. ಸಭಿಕರು ಕೇಳಿದುದು ವಿರಹವು ಬಂದಿತೆಂದು. ಶ್ರೀರಾಮನು ಆಗಲೇ ನಿಟ್ಟುಸಿರುಬಿಟ್ಟು “ಇದೇ ಕೊನೆಯ ರಾತ್ರಿ” ಎಂದಿದ್ದರೆ ಆ ಪ್ರಸಂಗದಲ್ಲಿ ಏನುಳಿಯುತ್ತಿದ್ದಿತು? ರಾಮನಿಗೆ ಗೊತ್ತಿಲ್ಲ, ನಮಗೆ ಗೊತ್ತಿದೆ; ಎದೆಯು ಹಿಂಡುವುದು ಆ ನಡುವಣ ಜಾಗದಲ್ಲಿ. ಅಜ್ಜನ ನಿಟ್ಟುಸಿರು ನಮ್ಮ ಪಾಲಿನ ನಿಟ್ಟುಸಿರನ್ನು ಕಸಿದುಕೊಂಡಿದೆ.

ಈಗ ಮೂರನೆಯ ಹಾಳೆಗೆ ಬರುತ್ತೇನೆ. ನಾಯಕನು ಅಜ್ಜನ ಮನೆಗೆ ಹೋಗುವ ದಾರಿಯಲ್ಲಿ ಪೇಟೆಯ ಬೀದಿಯನ್ನು ದಾಟುತ್ತಾನೆ. ಅಲ್ಲಿ ಒಬ್ಬ ಹೂವಾಡಗಿತ್ತಿ. ಅವಳ ಗಂಡನು ದಂಡಿಗೆ ಹೋಗಿದ್ದಾನೆ. ಸಂಜೆ ಮಾರಿ ಉಳಿದ ಗುಲಾಬಿಯ ಹೂಗಳನ್ನು ಬಾಡದಿರಲೆಂದು ಒದ್ದೆಬಟ್ಟೆಯಲ್ಲಿ ಸುತ್ತಿಡುತ್ತ, ನಾಳೆಯ ಬೆಲೆಯನ್ನು ಕುರಿತು ಪಕ್ಕದವಳೊಡನೆ ಜಗಳವಾಡುತ್ತಿದ್ದಾಳೆ. ದಂಡು ಹಿಂದಿರುಗುವ ದಿನ ಹೂವಿನ ಬೆಲೆಯು ಮೂರರಷ್ಟಾಗುವುದೆಂದೂ, ಆದ್ದರಿಂದ ತೋಟದವನಿಗೆ ಈಗಲೇ ಮುಂಗಡ ಕೊಟ್ಟಿದ್ದೇನೆಂದೂ ಹೇಳಿಕೊಳ್ಳುತ್ತಾಳೆ. ಮಗುವೊಂದು ಬುಟ್ಟಿಯ ಪಕ್ಕದಲ್ಲಿ ರೊಟ್ಟಿಯನ್ನೂ ಮೆಣಸಿನಕಾಯಿಯ ಚೂರನ್ನೂ ಹಿಡಿದು ತಿನ್ನುತ್ತಿದೆ. ಹತ್ತು ಹನ್ನೆರಡು ಸಾಲುಗಳಷ್ಟೇ. ನಾಯಕನು ಅವಳನ್ನು ನೋಡುವುದೂ ಇಲ್ಲ, ನಡೆದುಹೋಗುತ್ತಾನೆ.

ಇದನ್ನು ಓದಿದಾಗ ನಾನು ಕಡ್ಡಿಯನ್ನು ಕೆಳಗಿಟ್ಟೆನು. ಸುಮಾರು 1520ರಲ್ಲಿ ವಿಜಯನಗರವನ್ನು ಕಂಡ ಪೋರ್ತುಗೀಜನಾದ ಡೊಮಿಂಗೊ ಪಾಯಸನು ಅಲ್ಲಿಯ ಪೇಟೆಗಳಲ್ಲಿ ಮಾರುತ್ತಿದ್ದ ಗುಲಾಬಿಗಳನ್ನು ಎತ್ತಿಹೇಳಿದ್ದಾನೆ. ಈ ಹೂವಾಡಗಿತ್ತಿಗೆ ಅವನ ಸಾಕ್ಷ್ಯವುಂಟು. ಆದರೆ ಸಾಕ್ಷ್ಯದ ಮಾತು ಹಾಗಿರಲಿ. ಅವಳು ಕೊಟ್ಟ ಮುಂಗಡವಿದೆಯಲ್ಲ, ಅದೇ ಬೀಜ. ಮುಖಸಂಧಿಯಲ್ಲಿ ಬಿತ್ತಬೇಕಾದ ಬೀಜವೆಂದು ಶಾಸ್ತ್ರಕಾರರು ಹೇಳುವುದು ಇಂಥದನ್ನೇ. ದಂಡು ಬರುವ ದಿನಕ್ಕೆಂದು ಹೂವನ್ನು ಗೊತ್ತುಮಾಡಿಟ್ಟ ಹೆಂಗಸಿಗೆ ಮುಂದೆ ಏನೂ ಗೊತ್ತಿಲ್ಲ. ನಮಗೆ ಎಲ್ಲವೂ ಗೊತ್ತಿದೆ. ಚಂದ್ರ, ಭೇರಿ, ನರಸಿಂಹ, ಅಜ್ಜ, ಹುಕ್ಕಾ ಇವೆಲ್ಲವೂ ಸೇರಿ ಮಾಡಲಾರದ ಕೆಲಸವನ್ನು ಅವಳು ಜಗಳವಾಡುತ್ತ ಮಾಡಿಬಿಟ್ಟಿದ್ದಾಳೆ. ಅವಳ ಮಾತೂ ಸಹಜವಾಗಿದೆ. ನಾಯಕನಂತೆ ಅರ್ಧ ಹಳಗನ್ನಡವನ್ನು ಆಡುವುದಿಲ್ಲ. ಕನಕದಾಸರೂ ಪುರಂದರದಾಸರೂ ಹಾಡುತ್ತಿದ್ದ ಶತಮಾನದ ಹೂವಾಡಗಿತ್ತಿಯು ಪಂಪನ ಭಾಷೆಯನ್ನು ಆಡಬೇಕಾದ ಕಾರಣವಿಲ್ಲ.

“ನಿನ್ನ ಕಥೆಯು ಮೂರನೆಯ ಹಾಳೆಯಲ್ಲಿ ಆರಂಭವಾಗಿದೆ, ಮಗು. ಮೊದಲ ಎರಡನ್ನು ನೀನು ಬೆಟ್ಟ ಹತ್ತುವುದಕ್ಕೆ ಬರೆದುಕೊಂಡೆ, ಹತ್ತಿಯಾದ ಮೇಲೆ ಅವು ಬೇಡ” ಎಂದೆನು. ಅವಳ ಮುಖವು ಮೊದಲು ಸಣ್ಣದಾಯಿತು. ಆ ಎರಡು ಹಾಳೆಗಳಿಗಾಗಿಯೇ ಅವಳು ಒಂದು ತಿಂಗಳು ಕಷ್ಟಪಟ್ಟಿದ್ದಳಂತೆ. ಹೂವಾಡಗಿತ್ತಿಯನ್ನು ಒಂದೇ ಸಂಜೆಯಲ್ಲಿ, ದಾರಿ ತುಂಬುವುದಕ್ಕಾಗಿ, ಬರೆದುದಂತೆ. ಆ ಬೇಸರವನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಹೆಚ್ಚು ಕಷ್ಟಪಟ್ಟುದೇ ಹೆಚ್ಚು ಒಳ್ಳೆಯದೆಂದು ನಾವು ಉಪಾಧ್ಯಾಯರೇ ಮಕ್ಕಳಿಗೆ ಹೇಳಿಕೊಟ್ಟಿದ್ದೇವೆ. ಬಿಟ್ಟ ಹಾಳೆಗಳನ್ನು ಹರಿಯಬೇಡ, ಎತ್ತಿಟ್ಟುಕೊ. ನರಸಿಂಹನ ಬಳಿಗೆ ನಾಯಕನು ಯುದ್ಧವಾದ ಬಳಿಕ ಇನ್ನೊಮ್ಮೆ ಹೋಗಬೇಕಾಗಬಹುದು, ಆಗ ಲಕ್ಷ್ಮಿಯ ಆ ಒಂದು ಕೈ ನಿನಗೆ ಬೇಕಾಗುತ್ತದೆ ಎಂದೆನು. ಆಗ ಅವಳು ತಲೆಯೆತ್ತಿದಳು.

ಅವಳಿಗೆ ಹೇಳದೆ ನಾನು ಮೂರನೆಯ ಹಾಳೆಯಲ್ಲಿ ಒಂದೇ ಒಂದು ಶಬ್ದಕ್ಕೆ ಗೆರೆಯೆಳೆದಿದ್ದೆನು: ಮಗುವಿನ ಕೈಯಲ್ಲಿದ್ದ ಮೆಣಸಿನಕಾಯಿಗೆ. ಅದೂ ಹೊಗೆಸೊಪ್ಪಿನಂತೆಯೇ ಅಮೆರಿಕಾದಿಂದ ಪೋರ್ತುಗೀಜರು ತಂದ ವಸ್ತು, ಆದಕಾರಣ 1565ಕ್ಕೆ ಸಲ್ಲದೆಂಬುದು ನನ್ನ ತರ್ಕ. ಪಕ್ಕದಲ್ಲಿ “ಕರಿಮೆಣಸು ಎಂದಿರಲಿ” ಎಂದು ಬರೆದಿದ್ದೆನು.

ಹದಿನೈದು ದಿನಗಳ ಮೇಲೆ ಅವಳು ಒಬ್ಬಳೇ ಬಂದಳು. ಹೊಸ ಪ್ರತಿಯನ್ನು ನನ್ನ ಮುಂದಿಟ್ಟಳು; ಮೊ��ಲನೆಯ ಸಾಲಿನಲ್ಲಿಯೇ ಹೂವಾಡಗಿತ್ತಿಯ ಜಗಳ. ಚಂದ್ರನು ಇನ್ನೂ ಹುಟ್ಟಿರಲಿಲ್ಲ. ಬುಟ್ಟಿಯ ಪಕ್ಕದಲ್ಲಿ ಒಂದು ಎಣ್ಣೆಯ ದೀಪವಿದ್ದಿತು. ಬೆಲೆಯು ಜಿತಲ್‌ನ ಲೆಕ್ಕದಲ್ಲಿದ್ದಿತು. ಆದರೆ ಮಗುವಿನ ಕೈಯಲ್ಲಿ ಮೆಣಸಿನಕಾಯಿಯು ಹಾಗೆಯೇ ಇದ್ದಿತು. ನಾನು ಕನ್ನಡಕದ ಮೇಲಿನಿಂದ ಅವಳ ಕಡೆ ನೋಡಿದೆನು.

“ಗೋವೆ ಪೋರ್ತುಗೀಜರ ವಶವಾದದ್ದು 1510ರಲ್ಲಿ, ಮೇಷ್ಟ್ರೆ. ಈ ಕಥೆಗೆ ಐವತ್ತೈದು ವರ್ಷ ಮೊದಲು. ಪುರಂದರದಾಸರ ಅಂಕಿತದ ಹಾಡೊಂದರಲ್ಲಿ ಮೆಣಸಿನಕಾಯಿಯ ವರ್ಣನೆಯಿದೆ; ಹಸುರಾಗಿದ್ದುದು ಹಣ್ಣಾಗುತ್ತ ಕೆಂಪಾಗುತ್ತದೆಂದು. ದಾಸರು ತೀರಿಕೊಂಡದ್ದು 1564ರಲ್ಲಿ ಅಂತ ನೀವೇ ಅಪ್ಪನಿಗೆ ಪಾಠಮಾಡಿದ್ದಿರಂತೆ” ಎಂದಳು.

ಬಾಯಿಂದ ಬಾಯಿಗೆ ಬಂದ ಹಾಡುಗಳಲ್ಲಿ ಶಬ್ದಗಳು ಹಿಂದಿನಿಂದ ಸೇರುವುದುಂಟು, ಆದುದರಿಂದ ಅದು ಪೂರ್ಣಪ್ರಮಾಣವಲ್ಲವೆಂದು ನಾನು ಸ್ವಲ್ಪ ಹೊತ್ತು ವಾದಮಾಡಿದೆನು. ಅಸಾಧ್ಯವೆಂದು ಹೇಳುವುದಕ್ಕೆ ನನ್ನ ಬಳಿ ಏನಿದೆಯೆಂದು ಅವಳು ಕೇಳಿದಳು. ಏನೂ ಇರಲಿಲ್ಲ. ಹಳೆಯ ಪ್ರತಿಯನ್ನು ತರಿಸಿಕೊಂಡು, ಒಳಗಿನಿಂದ ರಬ್ಬರನ್ನು ಹುಡುಕಿ ತಂದು, ನನ್ನ ಗೆರೆಯನ್ನೂ ಪಕ್ಕದ ಬರೆವಣಿಗೆಯನ್ನೂ ಅವಳ ಮುಂದೆಯೇ ಒರಸಿದೆನು. ಕೆಂಪು ಮಸಿಯಾಗಿದ್ದರೆ ಅದು ಹೋಗುತ್ತಿರಲಿಲ್ಲ. ಅವಳು ಹೊರಡುವಾಗ, ಮುಂದಿನ ಸಾರಿ ಬರುವಾಗ ತಂದೆಯವರನ್ನೂ ಕರೆದುಕೊಂಡು ಬಾ, ಅವರ ಬಳಿ ಕಿತ್ತೂರಿನ ಮೇಲೆ ಬರೆದ ಹಾಳೆಗಳೇನಾದರೂ ಉಳಿದಿದ್ದರೆ ಅವನ್ನೂ ತರಲಿ, ಎರಡನೆಯ ಪುಟವನ್ನು ನಾನು ನೋಡಬೇಕಾಗಿದೆ ಎಂದು ಹೇಳಿ ಕಳುಹಿಸಿದೆನು.